ಹಿಂದಿನ ಎಡ ಮೂಲೆಯ ಕಪ್ಪು ಗೆರೆಗಳು

ಇಲ್ಲಿ ಆಟ ಕಲಿಸಿದ ನಮ್ಮ ಮೇಷ್ಟ್ರಿಗೆ ಶ್ರದ್ಧಾಂಜಲಿ ಸಲ್ಲಿಸಲು ಸೇರಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಅಮ್ಮನವರಿಗೆ — ನಮ್ಮ ಮೇಷ್ಟ್ರ ಮಡದಿಗೆ — ಮತ್ತು ಅವರ ಮಗಳಿಗೆ ತಲೆಬಾಗಿ ನಮಸ್ಕಾರ. ನಾನು ಈ ಬ್ಯಾಡ್ಮಿಂಟನ್ ಅಂಗಳದ ನೆಲ ಒರೆಸುವವನು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಮೈಕಿನ ಮುಂದೆ ನಿಂತದ್ದು ಇದೇ ಮೊದಲು. ಕಾರ್ಯದರ್ಶಿಗಳು "ಎರಡು ಮಾತಾಡಿ ಇಳಿದುಬಿಡಪ್ಪ" ಅಂದಿದ್ದಾರೆ. ಕ್ಷಮಿಸಿ ಸಾರ್ — ಎರಡರಲ್ಲಿ ಮುಗಿಯುವುದಿಲ್ಲ.

ಅವರನ್ನು "ಪಾದದ ಮೇಷ್ಟ್ರು" ಎಂದು ಮೊದಲು ಕರೆದವರು ಪ್ರೀತಿಯಿಂದ ಕರೆದದ್ದಲ್ಲ. ಆಡಿಕೊಳ್ಳಲು ಕರೆದದ್ದು. ಷಟಲ್ ಎಲ್ಲಿ ಬಿತ್ತು ಎಂದು ನಾವೆಲ್ಲ ಕತ್ತು ಹೊರಳಿಸುವಾಗ ಅವರು ಗಿಡ್ಡ ಸ್ಟೂಲಿನ ಮೇಲೆ ಕುಳಿತು — ಹೀಗೆ, ಗಲ್ಲ ಮೊಣಕಾಲಿಗೆ ತಾಗುವಷ್ಟು ಬಗ್ಗಿ — ಕಾಲುಗಳನ್ನೇ ನೋಡುತ್ತಿದ್ದರು. "ಪಾಯಿಂಟ್ ಯಾರಿಗೆ ಹೋಯ್ತು ಮೇಷ್ಟ್ರೇ?" ಎಂದರೆ, "ಗೊತ್ತಿಲ್ಲಪ್ಪ, ಹಿಮ್ಮಡಿ ಮಾತ್ರ ಚೆನ್ನಾಗಿ ಊರಿದಳು!"

ಕೆಲಸಕ್ಕೆ ಸೇರಿದ ದಿನವೇ ನನ್ನನ್ನು ತಡೆದರು. "ಏಯ್, ಬಕೆಟ್ ಕೆಳಗಿಡು. ಒರೆಸಬೇಡ." ಒರೆಸುವುದೇ ನನ್ನ ಕೆಲಸ, ಒರೆಸದೆ ಏನು ಮಾಡಲಿ? ಬೂಟಿನ ರಬ್ಬರ್ ಉಜ್ಜಿ ನೆಲದ ಮೇಲೆ ಕಪ್ಪು ಗೆರೆಗಳು ಬಿದ್ದಿದ್ದವು. "ಇದನ್ನ ಓದು" ಎಂದರು. "ನನಗೆ ಓದು ಅಷ್ಟು ಬರಲ್ಲ ಸಾರ್." "ಇದಕ್ಕೆ ಅಕ್ಷರ ಬೇಡ ಕಣೋ, ಬಗ್ಗೋ ಬೆನ್ನು ಸಾಕು."

ಹಾಗೆ ಕಲಿತೆ. ನೆಟ್ಟಿನ ಹತ್ತಿರ ಬಲಗಾಲು ಚಾಚಿ ಎರಗಿದಾಗ ಹಿಮ್ಮಡಿ ಮೊದಲು ಊರಬೇಕು. ಮೊಣಕಾಲು ಬೆರಳುಗಳ ದಿಕ್ಕಿಗೇ ಬಾಗಬೇಕು. ಆಗ ಗೆರೆ ನೇರ. ಮೊಣಕಾಲು ಒಳಕ್ಕೆ ವಾಲಿ ಪಾದ ತಿರುಚಿದರೆ ಗೆರೆ ಕೊಕ್ಕೆ. ಎಲ್ಲಕ್ಕಿಂತ ಅಪಾಯದ ಜಾಗ ಹಿಂದಿನ ಎಡ ಮೂಲೆ. ಬಲಗೈ ಆಟಗಾರರು ಅಲ್ಲಿ ತಲೆಯ ಮೇಲಿಂದ ಹೊಡೆದು ಎಡಗಾಲೊಂದರ ಮೇಲೆ ಇಳಿಯುತ್ತಾರೆ. ಇಡೀ ಮೈ ಬಂದು ಒಂದೇ ಮಂಡಿಯ ಮೇಲೆ ಬೀಳುತ್ತದೆ. "ಸೊಂಟ ಸುಸ್ತಾದ್ರೆ ದಂಡ ಕಟ್ಟೋದು ಮಂಡಿ" ಎನ್ನುತ್ತಿದ್ದರು. ಅಲ್ಲಿ ಕೊಕ್ಕೆ ಕಂಡರೆ ಮುಗಿಯಿತು — ಆ ಆಟಗಾರ ಯಾರೇ ಆಗಿರಲಿ, ಅವತ್ತಿನಿಂದ ಜಿಗಿತ ಬಂದ್.

ಈಗ ಎರಡು ವರ್ಷದ ಹಿಂದಿನ ಮಾತು. ಮೇಷ್ಟ್ರ ಪಾಠದಿಂದಲೇ ನಮ್ಮ ಚಾಂಪಿಯನ್ ಹುಡುಗಿಯ ಮಂಡಿ ಹೋಯಿತು ಎಂದು ಈ ಕಟ್ಟಡದಲ್ಲಿ ಎಲ್ಲರೂ ಹೇಳುತ್ತೀರಿ. ಆ ತಂಗಿ ಅಗೋ, ಮೂರನೇ ಸಾಲಿನಲ್ಲಿದ್ದಾಳೆ. ಅವಳ ಎದುರಿಗೇ ಹೇಳುತ್ತೇನೆ — ಅದು ಸುಳ್ಳು.

ಆ ಹೊತ್ತಿಗೆ ಮೇಷ್ಟ್ರ ಕಣ್ಣು ಮಂಜಾಗಿತ್ತು. ಓಡುವ ಕಾಲು ಕಾಣುತ್ತಿರಲಿಲ್ಲ, ನಿಂತ ಗೆರೆ ಕಾಣುತ್ತಿತ್ತು. ಇದು ನನಗೊಬ್ಬನಿಗೇ ಗೊತ್ತಿತ್ತು. ಅತಿಥಿಗಳು ಬರುತ್ತಾರೆ, ಆಟ ಮುಗಿದ ಕೂಡಲೇ ಒರೆಸು, ನೆಲ ಕನ್ನಡಿಯಾಗಿರಬೇಕು ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಒರೆಸಿದೆ. ಎಡ ಮೂಲೆಯಲ್ಲಿ ತಂಗಿಯ ಕೊಕ್ಕೆ ಕಂಡಿತು, ಒರೆಸಿದೆ. ಮರುದಿನ ಅದಕ್ಕಿಂತ ದೊಡ್ಡ ಕೊಕ್ಕೆ, ಅದನ್ನೂ ಒರೆಸಿದೆ. ಮೇಷ್ಟ್ರು ಕೇಳಿದರು, "ಎಡ ಮೂಲೇಲಿ ಏನಿತ್ತೋ?" ಹೇಳಿದರೆ ಒರೆಸಬೇಡ ಎನ್ನುತ್ತಾರೆ, ಅಪ್ಪಣೆ ಮೀರಿದರೆ ಕೆಲಸ ಹೋಗುತ್ತದೆ ಎಂಬ ಭಯಕ್ಕೆ ನಾನು — "ಏನೂ ಇರಲಿಲ್ಲ ಸಾರ್" ಎಂದೆ.

ಮೂರನೇ ದಿನ ಅವಳು ಅದೇ ಮೂಲೆಯಲ್ಲಿ ಇಳಿದಳು. ಟಪ್ ಎಂದಿತು. ಅಷ್ಟೇ ಸದ್ದು.

ಸಂಜೆ ಅವರಿಗೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಸಮಿತಿ ಕೇಳಿದಾಗ "ಹೊಣೆ ನನ್ನದು" ಎಂದರು. ಯಾಕೆ ಸಾರ್ ಎಂದರೆ, "ನಿನ್ನನ್ನ ಕಳಿಸಿದ್ರೆ ಗೆರೆ ಓದೋರು ಯಾರೋ? ನನ್ನ ಹುದ್ದೆ ಹೋದ್ರೆ ಹೋಗ್ಲಿ, ಸ್ಟೂಲು ನನ್ನದೇ ತಾನೇ!" ಹುದ್ದೆ ಹೋಯಿತು. ಆದರೂ ದಿನಾ ಬಂದು ಆ ಸ್ಟೂಲಿನ ಮೇಲೆ ಕುಳಿತರು.

ತಂಗೀ, ನಿನ್ನ ಗೆರೆ ಒರೆಸಿದವನು ನಾನು. ಅಮ್ಮಾ, ನಿಮ್ಮ ಯಜಮಾನರು ಹೊತ್ತದ್ದು ನನ್ನ ತಪ್ಪು. ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಮುಚ್ಚುವುದಿಲ್ಲ.

ಮೊನ್ನೆ ಮೊನ್ನೆ ಮೇಷ್ಟ್ರು ಮಕ್ಕಳಿಗೆಂದು ಎಡ ಮೂಲೆಯಲ್ಲಿ ಬಿಳಿ ಬಣ್ಣದ ಪಾದಗಳನ್ನು ಬರೆದರು, ಹೇಗೆ ಇಳಿಯಬೇಕು ಎಂದು. ನಿನ್ನೆ ನನಗೆ ಅಪ್ಪಣೆಯಾಗಿದೆ — ಪಂದ್ಯಾವಳಿಗೆ ಮೊದಲು ಅವನ್ನು ಉಜ್ಜಿ ತೆಗೆಯಬೇಕಂತೆ. ಸಾರ್, ಎಲ್ಲರ ಎದುರಿಗೆ ಹೇಳುತ್ತಿದ್ದೇನೆ. ತೆಗೆಯುವುದಿಲ್ಲ. ನಾಳೆಯಿಂದ ಗೆರೆ ಓದದೆ ಒಂದು ಹನಿ ನೀರೂ ಆ ನೆಲಕ್ಕೆ ಬೀಳುವುದಿಲ್ಲ. ಕೊಕ್ಕೆ ಕಂಡರೆ ಕೂಗಿ ಹೇಳುತ್ತೇನೆ, ಫೈನಲ್ ನಡೆಯುತ್ತಿದ್ದರೂ ಕೂಗುತ್ತೇನೆ. ನನ್ನನ್ನು ತೆಗೆಯುವುದಾದರೆ ತೆಗೆಯಿರಿ, ಪಾದಗಳನ್ನು ತೆಗೆಯಬೇಡಿ. ಬಕೆಟ್ ಇಗೋ, ವೇದಿಕೆಯ ಮೇಲೇ ಇಟ್ಟಿದ್ದೇನೆ. ಆ ಪಾದ ಅಳಿಸಲು ಮನಸ್ಸು ಬರುವವರು ಬಂದು ಎತ್ತಿಕೊಳ್ಳಲಿ.

ಯಾರೂ ಏಳಲಿಲ್ಲ. ಒಳ್ಳೆಯದು.

ಈಗ ಎಲ್ಲರೂ ಏಳಿ. ನೀನೂ ಏಳು ತಂಗಿ, ನಿಧಾನ. ಭಾರ ಎರಡೂ ಕಾಲಿಗಿರಲಿ. ಮಂಡಿ ಬಿಗಿಯಬೇಡಿ. ಬೆರಳು ಎತ್ತಲೋ ಮೊಣಕಾಲು ಅತ್ತಲೇ. ಮೇಷ್ಟ್ರ ಫೋಟೋ ಆಮೇಲೆ ನೋಡೋಣ. ಒಂದು ನಿಮಿಷ ಮಾತಿಲ್ಲದೆ — ತಲೆ ಬಗ್ಗಿಸಿ ನಮ್ಮ ನಮ್ಮ ಪಾದ ನೋಡಿಕೊಳ್ಳೋಣ.