ನಲವತ್ತೊಂದು ಬೆರಳುಗಳ ಪಟ್ಟಿ

ಆಸ್ಪತ್ರೆಯ ಕೊಳೆ ಹೊದಿಕೆಗಳ ಮಡಿಕೆಯಲ್ಲಿ ಉಳಿದು ಬಂದ ಸೂಜಿಗಳು ಮೂರು ವರ್ಷದಲ್ಲಿ ನಲವತ್ತೊಂದು ಸಲ ಒಗೆಯುವವರ ಕೈಗೆ ಚುಚ್ಚಿದವು. ಕಂಪನಿಯ ಗಾಯದ ದಾಖಲೆಯಲ್ಲಿ ಒಂದೂ ಇಲ್ಲ.

ಪಟ್ಟಿ ಇದ್ದದ್ದು ಐರಾಳ ಲ್ಯಾಪ್‌ಟಾಪಿನಲ್ಲಿ. ಕೆಮಿ ಊರಿನ ಆ ಲಾಂಡ್ರಿಯ ಹೆಂಗಸರು ತಮ್ಮ ಪ್ರತಿನಿಧಿಯೆಂದು ಆರಿಸಿದ್ದು ಅವಳನ್ನು. ಲ್ಯಾಪ್‌ಟಾಪ್ ಕೊಟ್ಟದ್ದು ಕಂಪನಿ. ಅದು ಇವತ್ತು ಬೆಳಗ್ಗೆ ಏಳಲಿಲ್ಲ. ನಾಡಿದ್ದು ಗುರುವಾರ ಸರ್ಕಾರದ ಕಾರ್ಮಿಕ ತಪಾಸಣಾಧಿಕಾರಿ ಬರುವವಳಿದ್ದಾಳೆ. ಕಾಫಿ ಕೋಣೆಯ ಮೇಜಿನ ಮೇಲೆ ಅದನ್ನು ತೆರೆದಿಟ್ಟುಕೊಂಡು ಐರಾ ಕಂಪನಿಯ ಕಂಪ್ಯೂಟರ್ ಸಹಾಯವಾಣಿಗೆ ಫೋನು ಮಾಡಿದಳು. ಪಕ್ಕದಲ್ಲಿ ಜೊತೆಗಾತಿಯರಾದ ಓಯ್ಲಿ, ಫರ್ಹಿಯಾ ಲೋಟ ಹಿಡಿದು ಕೂತಿದ್ದರು; ಅವರಿಗೆ ಕೇಳುತ್ತಿದ್ದದ್ದು ಐರಾಳ ಕಡೆಯ ಮಾತು ಮಾತ್ರ.

"ಹಲೋ… ಯಾರು ಮಾತಾಡ್ತಿರೋದು? ಮನುಷ್ಯರಾ, ಮಶೀನಾ?"

"…ವೆಸಾ. ಸರಿ ವೆಸಾ, ನಾನು ಐರಾ, ಕೆಮಿ ಲಾಂಡ್ರಿಯಿಂದ. ಮನುಷ್ಯ ಸಿಗೋಕೆ ಇಪ್ಪತ್ತು ನಿಮಿಷ ಹಿಡೀತು ನೋಡು."

"…ಗೊತ್ತು, ಗೊತ್ತು. ಮಾತೆಲ್ಲ ರೆಕಾರ್ಡ್ ಆಗುತ್ತೆ ಅಂತ ನಿಮ್ಮ ಮಶೀನು ನಾಲ್ಕು ಸಲ ಹೇಳ್ತು."

"…ಕಪ್ಪು ಪರದೆ, ಬಿಳಿ ಅಕ್ಷರ. ಡಿಸ್ಕಿನಲ್ಲಿ ದೋಷ ಅಂತ… ಹಾಂ, ಎರಡು ವಾರದಿಂದ ಹಾಗೇ ಅಂತಿತ್ತು. ಆಗಲೇ ದೂರು ಬರೆದಿದ್ದೆ. ನಿನ್ನೆ ಏನು ಉತ್ತರ ಬಂತು ಗೊತ್ತಾ? ಆಫ್ ಮಾಡಿ ಆನ್ ಮಾಡು ಅಂತ. ಮಾಡಿದೆ. ಆಫ್ ಆಯ್ತು."

"…ಗುಂಡಿ ಒತ್ತಿ ಹಿಡ್ಕೊಂಡೇ ಆನ್ ಮಾಡ್ಬೇಕಾ? ತಾಳು, ಒಂದು ಕೈಲಿ ಫೋನಿದೆ… ಓಯ್ಲಿ, ಇಲ್ಲಿ ಬೆರಳಿಡೇ, ಎಫ್ ಎರಡು. ಅದಲ್ಲ ಕಣೇ, ಅದರ ಪಕ್ಕದ್ದು."

ಓಯ್ಲಿ ಬೆರಳಿಟ್ಟಳು. ನೀಲಿ ಪರದೆ ಬಂತು.

"…ಬಂತು. ಡಿಸ್ಕಿನ ಹೆಸರಾ? ಇದೆ. ಉದ್ದಕ್ಕೆ ನಂಬರಿದೆ, ಓದ್ಲಾ?… ಬೇಡ. ಹೆಸರು ಕಾಣ್ತಿದೆ ಅಂದ್ರೆ ಅದು ಪೂರ್ತಿ ಸತ್ತಿಲ್ಲ, ಅಲ್ವಾ?… ಅಲ್ವಾ ವೆಸಾ?"

"…ಹಾಂ. ಅಷ್ಟು ಸಾಕು."

ಐರಾ ಕಣ್ಣು ಮುಚ್ಚಿ ತೆರೆದಳು. ಬೆಳಗಿನ ಐದರಿಂದ ಒದ್ದೆ ಹೊದಿಕೆ ಎಳೆದ ತೋಳು ಫೋನಿನ ಭಾರಕ್ಕೂ ನೋಯುತ್ತಿತ್ತು.

"…ತಾನೇ ರಿಪೇರಿ ಮಾಡ್ಕೊಳ್ಳುತ್ತಲ್ಲ, ಅದನ್ನೂ ಮಾಡಿ ನೋಡಿದೆ. ನೂರಕ್ಕೆ ಹನ್ನೊಂದು ಆಗ್ತಿದ್ದ ಹಾಗೆ ನಿಂತುಬಿಡುತ್ತೆ… ಮೂರು ಸಲ… ಮಾಡ್ಬಾರ್ದಿತ್ತಾ? ಯಾಕೆ?"

"…ಅಂದ್ರೆ ಮೊದಲು ಡಿಸ್ಕ್ ಹೊರಗೆ ತೆಗೆದು, ಅದರಲ್ಲಿರೋದನ್ನೆಲ್ಲ ಒಳ್ಳೇ ಡಿಸ್ಕಿಗೆ ಇದ್ದ ಹಾಗೇ ಇಳಿಸ್ಕೋಬೇಕು. ರಿಪೇರಿ ಏನಿದ್ರೂ ಆ ನಕಲಿನ ಮೇಲೆ. ಸುಮ್ಮನೆ ಆನ್ ಮಾಡ್ತಾ ಹೋದಷ್ಟೂ ಇನ್ನಷ್ಟು ಕೆಡುತ್ತೆ. ತಿಳೀತು. ಹಾಗಾದ್ರೆ ಈಗಲೇ ಆಫ್ ಮಾಡ್ಲಾ?"

"…ಬೇಡ್ವಾ? ಈಗ ತಾನೆ ನೀನೇ… ನನ್ನ ದೂರಿನ ಕೆಳಗೆ ಆದೇಶ ಇದೆಯಾ? ಏನು ಬರೆದಿದೆ ಅಲ್ಲಿ, ಓದು."

"…ಎಲ್ಲ ಅಳಿಸಿ ವಾಪಸ್ ಕಳಿಸುವುದು. ನಕಲು ತೆಗೆಯಕೂಡದು. ಯಾರು ಬರೆದಿದ್ದು?… ರಾವ್ತಿಯೊ. ಹಾಂ, ನಮ್ಮ ಮ್ಯಾನೇಜರು. ಇವತ್ತು ಎಂಟು ಗಂಟೆಗಾ? ಏಳೂವರೆಗೆ ನಾನೇ ಅವನಿಗೆ ಹೇಳಿದ್ದು, ಇದು ಏಳ್ತಿಲ್ಲ ಅಂತ. ಎರಡು ವಾರ ಸಿಗದ ಸಹಾಯ ಅರ್ಧ ಗಂಟೇಲಿ ಸಿಕ್ತು."

"…ಕಂಪನಿ ಸರ್ವರಿನಲ್ಲಿ ಇಡಬೇಕಿತ್ತು ಅಂತೀಯಾ? ಅದನ್ನ ರಾವ್ತಿಯೊ ತೆರೆದು ನೋಡ್ತಾನಪ್ಪ. ಹೆಸರುಗಳಿವೆ ಅದರಲ್ಲಿ. ಯಾರಿಗೆ ಚುಚ್ಚಿತು, ಯಾವ ಬೆರಳು, ಯಾವ ತಾರೀಖು, ಆಮೇಲೆ ರಕ್ತ ಪರೀಕ್ಷೆಗೆ ಎಷ್ಟು ತಿಂಗಳು ಅಲೆದ್ರು. ಗುರುವಾರ ಅದನ್ನ ತಪಾಸಣೆಯವಳ ಮುಂದೆ ಇಡ್ಬೇಕು. ಇಡದಿದ್ರೆ ನಮ್ಮಲ್ಲಿ ಯಾರಿಗೂ ಏನೂ ಆಗೇ ಇಲ್ಲ."

"…ಕಾಗದದ ಮೇಲಾ?… ಇತ್ತು. ನೀಲಿ ರಟ್ಟಿನ ಮೂರು ನೋಟ್‌ಬುಕ್ಕು. ಎಲ್ಲಾ ಟೈಪ್ ಮಾಡಿ ಮುಗಿಸಿದ ಮೇಲೆ…"

ಓಯ್ಲಿ ಲೋಟದೊಳಗೆ ಮುಖ ಹುದುಗಿಸಿದಳು.

"…ನಡುಬೇಸಿಗೆ ಹಬ್ಬದ ದಿನ ಕೆರೆ ದಂಡೆಯ ಸೌನಾ ಹಬೆಕೋಣೆಯ ಒಲೆಗೆ ಹಾಕಿದೆ… ನಗು, ನಗು. ನಿಮ್ಮನೇಲಿ ಸೌನಾ ಹೊತ್ತಿಸೋದು ಹಳೇ ಕಾಗದದಲ್ಲೇ ತಾನೆ? ಕಂಪ್ಯೂಟರಿನಲ್ಲಿದೆಯಲ್ಲ, ಇನ್ಯಾಕೆ ಅಂದ್ಕೊಂಡೆ. ಕಟ್ಟಿಗೆ ಚೆನ್ನಾಗಿ ಹಿಡೀತು. ಈ ಓಯ್ಲಿನೂ ಅವತ್ತು ನನ್ನ ಪಕ್ಕದಲ್ಲೇ ಹಾಯಾಗಿ ಬೆವರ್ತಾ ಕೂತಿದ್ಲು."

"…ಅದು ಬಿಡು. ನಿನ್ನದೇ ಡಿಸ್ಕ್ ಆಗಿದ್ರೆ ಏನು ಮಾಡ್ತಿದ್ದೆ?… ಹೇಳೋ ಹಾಗಿಲ್ಲ. ರೆಕಾರ್ಡ್ ಆಗ್ತಿದೆ. ಹಾಂ."

"…ಪರದೆಯ ಕೆಳಗಡೆನಾ? ಕೆಳಗೊಂದು ಸಾಲಿದೆ. ಡಿಸ್ಕ್ ಪೂರ್ತಿ ಅಳಿಸು… ಅದನ್ನ ಒತ್ತು ಅಂತೀಯಾ. ನನ್ನ ಕೈಯಿಂದಲೇ."

ಫರ್ಹಿಯಾ ಲೋಟ ಕೆಳಗಿಟ್ಟಳು. ಬಲಗೈ ತೋರುಬೆರಳನ್ನು ಲ್ಯಾಪ್‌ಟಾಪಿನ ಪಕ್ಕಕ್ಕೆ, ಮೇಜಿನ ಮೇಲೆ ಇಟ್ಟಳು. ಐರಾ ಆ ಬೆರಳನ್ನೇ ನೋಡುತ್ತ ಕೂತಳು.

"…ಇದ್ದೀನಿ, ಕೇಳಿಸ್ತಿದೆ. ವೆಸಾ, ಈ ರೆಕಾರ್ಡಿಂಗು ತಾರೀಖು, ಗಂಟೆ ಸಮೇತ ಉಳಿಯುತ್ತಾ?… ನನ್ನ ಮಾತಿನ ಪ್ರತಿ ನಾನು ಕೇಳಿದ್ರೆ ಕೊಡಲೇಬೇಕು, ಕಾನೂನು ಹಾಗಿದೆ, ಅಲ್ವಾ?… ಹಾಂ. ಸ್ವಲ್ಪ ತಾಳು."

ಅವಳು ಫೋನನ್ನು ಎದೆಗೊತ್ತಿಕೊಂಡು ಫರ್ಹಿಯಾಳನ್ನು ಕೇಳಿದಳು, "ಹೆಸರು ಹೇಳ್ಲಾ? ರಾವ್ತಿಯೊಗೂ ಗೊತ್ತಾಗುತ್ತೆ."

ಫರ್ಹಿಯಾ ತಲೆಯಾಡಿಸಿದಳು: ಹೇಳು.

ಐರಾ ಆಫ್ ಗುಂಡಿಯನ್ನು ದೀಪ ಆರುವವರೆಗೆ ಒತ್ತಿ ಹಿಡಿದಳು. ಮುಚ್ಚಳ ಮುಚ್ಚಿ ಅದರ ಮೇಲೆ ಮೊಣಕೈ ಊರಿದಳು.

"…ಇಲ್ಲ, ಅಳಿಸಲಿಲ್ಲ. ಆಫ್ ಮಾಡಿದೆ. ಡಿಸ್ಕನ್ನ ತಪಾಸಣೆಯವಳ ಕೈಗೇ ಕೊಡ್ತೀನಿ, ನಕಲು ಅವಳೇ ತೆಗೆಸಲಿ… ಕಂಪನಿ ಸ್ವತ್ತು, ಗೊತ್ತು. ಅದರೊಳಗಿನ ಬೆರಳುಗಳು ಕಂಪನಿಯವಲ್ಲ. ಡಿಸ್ಕಿನಿಂದ ಏನೂ ಬರದೇ ಹೋದ್ರೂ ಇದಾದ್ರೂ ಇರಲಿ. ಕೇಳ್ತಿರು. ಒಂದು. ಫರ್ಹಿಯಾ ಅಬ್ದಿ, ಬಲಗೈ ತೋರುಬೆರಳು, ಕಳೆದ ವರ್ಷ ಫೆಬ್ರುವರಿ ಒಂಬತ್ತು. ದಿಂಬಿನ ಚೀಲದಲ್ಲಿದ್ದ ಸೂಜಿ. ಆರು ತಿಂಗಳು ರಕ್ತ ಪರೀಕ್ಷೆ, ಮಗೂಗೆ ಎದೆಹಾಲು ಬಿಡಿಸಿದ್ಲು. ಎರಡು. ಓಯ್ಲಿ ಹಕಲಾ, ಎಡಗೈ ಹೆಬ್ಬೆರಳು… ಯಾವತ್ತೇ ಓಯ್ಲಿ?… ಏಪ್ರಿಲ್ ಮೂರು."

ಬಾಗಿಲಲ್ಲಿ ಇನ್ನಷ್ಟು ಹೆಂಗಸರು ಬಂದು ನಿಂತಿದ್ದರು. ಒಬ್ಬೊಬ್ಬರಾಗಿ ಕೈಗವಸು ಕಳಚತೊಡಗಿದರು.

"…ಯಾರು? ವೆಸಾನ ಮೇಲಿನವರಾ. ನಮಸ್ಕಾರ. ನೀವೂ ಕೇಳಿ, ಒಳ್ಳೇದೇ ಆಯ್ತು… ಹಾಂ… ಹಾಂ… ಮತ್ತೆ ಆನ್ ಮಾಡಿ ಆ ಸಾಲು ಒತ್ತಬೇಕು, ಈ ಪಟ್ಟಿ ಓದೋದು ನಿಲ್ಲಿಸ್ಬೇಕು. ಇಲ್ಲದಿದ್ರೆ ಫೋನ್ ಇಡ್ತೀರಿ."

ಐರಾ ಬಾಗಿಲ ಕಡೆ ನೋಡಿದಳು. ಬರಿಗೈಗಳು.

"…ಒತ್ತಲ್ಲ. ನಿಲ್ಲಿಸೋದೂ ಇಲ್ಲ. ಮೂರು. ಐರಾ ತುವೋಮಿ, ಅದು ನಾನೇ, ಬಲಗೈ ಕಿರುಬೆರಳು, ನವೆಂಬರ್…"

ಲೈನು ಕಡಿಯಿತು.