ದ್ಯಾವವ್ವ ತೂತು ಮಾಡಿದ ಮೂರು ನವಿಲುನಾಣ್ಯ

ಕೂತವರು ಸರಿಯಾಗಿ ಕೂತುಕೊಳ್ಳಿ. ನಿಂತವರು ಜಾಗ ನೋಡಿ ಕೂತುಕೊಳ್ಳಿ. ನಾನು ಹೇಳುತ್ತ ಹೋಗುತ್ತೇನೆ, ನೀವು ಹೂಂಗುಟ್ಟುತ್ತ ಬನ್ನಿ. ನೀವು ಸುಮ್ಮನಾದರೆ ನನ್ನ ಕಥೆ ದಾರಿಯಲ್ಲೇ ಕೂತುಬಿಡುತ್ತದೆ.

ಒಂದಾನೊಂದು ಕಾಲದಲ್ಲಿ ಒಂದು ಹೊಳೆಯಿತ್ತು. ಹೊಳೆಗೆ ಎರಡು ದಡ. ಎರಡು ದಡಕ್ಕೆ ಎರಡು ನಾಡು. ಆಚೆ ದಡದಲ್ಲಿ ರಾಜನಿದ್ದ, ಕೋಟೆಯಿತ್ತು, ಟಂಕಸಾಲೆಯಿತ್ತು. ಅಲ್ಲಿ ಹಗಲೆಲ್ಲ ಠಣ್ ಠಣ್ ಎಂದು ಬೆಳ್ಳಿಯ ನಾಣ್ಯ ಅಚ್ಚಾಗುತ್ತಿತ್ತು. ನಾಣ್ಯದ ಮೇಲೊಂದು ನವಿಲು. ಈಚೆ ದಡದಲ್ಲಿ ಏನಿತ್ತು? ಗುಡ್ಡವಿತ್ತು, ಜೇನಿತ್ತು, ಜನರಿದ್ದರು. ರಾಜನಿರಲಿಲ್ಲ. ರಾಜನೇ ಇಲ್ಲದ ಮೇಲೆ ನಾಣ್ಯ ಎಲ್ಲಿಂದ ಬರಬೇಕು? ಆಚೆಯವರ ನವಿಲುನಾಣ್ಯವೇ ಈಚೆಯವರಿಗೂ ನಾಣ್ಯ. ಉಪ್ಪು ಕೊಳ್ಳಲು ಅದೇ, ಸೀರೆ ಕೊಳ್ಳಲು ಅದೇ, ಮದುವೆಯ ಮುಯ್ಯಿಗೂ ಅದೇ.

ಆದರೆ ಗುಡ್ಡದವರದ್ದೊಂದು ಪದ್ಧತಿಯಿತ್ತು, ಕೇಳಿ. ಹೊಸ ನಾಣ್ಯ ಮನೆಗೆ ಬಂತೆಂದರೆ ಮನೆಯ ಹೆಂಗಸು ಅದನ್ನು ತೊಳೆಯಬೇಕು, ಅರಿಸಿನ ಹಚ್ಚಬೇಕು, ಉಕ್ಕಿನ ಮೊಳೆಯಿಟ್ಟು ಒಂದು ತೂತು ಮಾಡಬೇಕು. ದಾರ ಪೋಣಿಸಿ ಕೊರಳಿಗೆ ಹಾಕಿಕೊಳ್ಳಬೇಕು. ಯಾಕೆ? ಹೆಣ್ಣುಕೂಸಿಗೆ ಮೂಗು ಚುಚ್ಚಿ ನತ್ತು ಇಟ್ಟಾಗ ಮನೆಯ ಮಗಳೆಂಬ ಕಳೆ ಬರುವುದಿಲ್ಲವೆ? ಹಾಗೆ. ಒಂದೊಂದು ಮನೆಯವರು ಒಂದೊಂದು ಕಡೆ ಚುಚ್ಚುತ್ತಿದ್ದರು. ಕೆಲವರು ತುರಾಯಿಯ ಹತ್ತಿರ, ಕೆಲವರು ಗರಿಯ ಮೇಲೆ. ಏನಾದರೂ ಕೊಳ್ಳಬೇಕಾದರೆ ಕೊರಳಿನಿಂದ ಒಂದನ್ನು ಬಿಚ್ಚಿ ಕೊಡುವುದು. ತೂತಿಲ್ಲದ್ದನ್ನು ಸಂತೆಗೆ ತಂದರೆ, "ಇದು ಯಾರ ಮನೆಯನ್ನೂ ಕಂಡಿಲ್ಲವಲ್ಲ, ಕದ್ದದ್ದೋ ಏನೋ" ಎಂದು ಹಿಂದಕ್ಕೆ ತಳ್ಳುತ್ತಿದ್ದರು.

ಆ ಗುಡ್ಡದಲ್ಲಿ ದ್ಯಾವವ್ವ ಎಂಬ ಸೂಲಗಿತ್ತಿ ಇದ್ದಳು. ಅವಳ ಮನೆಯ ತೂತು ನವಿಲಿನ ಕಾಲ ಕೆಳಗೆ. ಗಂಡ ತೀರಿಹೋಗಿದ್ದ. ಅವಳ ಕೈ ಎಂಥ ಕೈ ಎನ್ನುತ್ತೀರಿ! ಹೊಟ್ಟೆಯೊಳಗೆ ಕೂಸು ಅಡ್ಡ ತಿರುಗಿದ್ದರೂ ಸರಿಯೆ. ಎಣ್ಣೆ ಸವರಿ, ಅಂಗೈಯಿಟ್ಟು, "ಬಾರವ್ವ, ಬಾರಪ್ಪ, ದಾರಿ ಈ ಕಡೆ" ಎಂದು ಮೆಲ್ಲಗೆ ನೇರ ಮಾಡುತ್ತಿದ್ದಳು. ಗುಡ್ಡದ ಅರ್ಧ ಮಕ್ಕಳು ಅವಳ ಕೈಯಲ್ಲಿಯೇ ಮೊದಲು ಅತ್ತವರು.

ಅವಳಿಗೆ ಒಬ್ಬಳೇ ಮಗಳು, ಹೊಂಬಾಳೆ. ಅವಳನ್ನು ಆಚೆ ದಡದ ಒಬ್ಬ ಕಂಚುಗಾರನಿಗೆ ಕೊಟ್ಟರು. ಹುಡುಗ ಒಳ್ಳೆಯವನು. ಅತ್ತೆ ಮಾವ ಯಾರೂ ಇಲ್ಲದ ಮನೆ.

ಒಂದು ವರ್ಷವಾಯಿತು. ಉಪ್ಪಿನ ಸಣ್ಣಯ್ಯ ಕತ್ತೆಗಳನ್ನು ಹೊಡೆದುಕೊಂಡು ಬಂದ. ಅವನು ಆಚೆ ನಾಡಿನವನು. ಉಪ್ಪು ತಂದು ಮಾರಿ, ಬಂದ ನಾಣ್ಯಕ್ಕೆ ಇಲ್ಲಿಯೇ ಜೇನು ಕೊಂಡು ಹೋಗುತ್ತಿದ್ದ.

"ದ್ಯಾವಕ್ಕಾ, ನಿನ್ನ ಮಗಳು ಒಂದು ನವಿಲು ಕಳಿಸಿದ್ದಾಳೆ. ಇದ್ದ ಹಾಗೇ ಇಟ್ಟುಕೊಳ್ಳಬೇಕಂತೆ."

"ಮಗಳು ಕಳಿಸಿದ್ದನ್ನು ಮಡಕೆಯಲ್ಲಿ ಮುಚ್ಚಿಡಲೇನೋ?" ಎಂದು ದ್ಯಾವವ್ವ ನಕ್ಕಳು. ತೊಳೆದಳು, ಅರಿಸಿನ ಹಚ್ಚಿದಳು, ಕಾಲ ಕೆಳಗೆ ಚುಚ್ಚಿದಳು. ಕೊರಳಿಗೆ ಹಾಕಿಕೊಂಡು ಊರೆಲ್ಲ ತಿರುಗಿದಳು.

ಎರಡು ವರ್ಷವಾಯಿತು. ಸಣ್ಣಯ್ಯ ಎರಡನೆಯ ನವಿಲು ತಂದ. "ಇದ್ದ ಹಾಗೇ ಇರಬೇಕಂತೆ ಅಕ್ಕಾ. ಎರಡು ಸಲ ಹೇಳಿದಳು."

ಪಕ್ಕದ ಮನೆಯ ಕೆಂಚಿ ಕೇಳಿಸಿಕೊಂಡಳು. ಸುಮ್ಮನಿರುವ ಬಾಯಿಯೇ ಅದು? "ನಿನ್ನ ಮಗಳು ಕೋಟೆಯ ನಾಡಿನವಳಾದಳು ಕಣೇ ದ್ಯಾವಿ! ನಮ್ಮ ಮೊಳೆ ಕಂಡರೆ ಅವಳಿಗೆ ಈಗ ನಾಚಿಕೆ. ನಾಳೆ ನಿನ್ನ ಮೂಗುತಿಯನ್ನೂ ತೆಗೆ ಅಂತಾಳೆ, ನೋಡ್ತಿರು."

ದ್ಯಾವವ್ವನಿಗೆ ಆ ಮಾತು ಮುಳ್ಳಿನಂತೆ ನೆಟ್ಟಿತು. ಈ ಸಲ ನಗಲಿಲ್ಲ. ತೊಳೆದಳು, ಅರಿಸಿನ ಹಚ್ಚಿದಳು, ಸುತ್ತಿಗೆಯನ್ನು ಸ್ವಲ್ಪ ಜೋರಾಗಿಯೇ ಹೊಡೆದಳು.

ಮೂರು ವರ್ಷವಾಯಿತು. ಸಣ್ಣಯ್ಯ ಮೂರನೆಯ ನವಿಲು ತಂದ. ಜೊತೆಗೆ ಸುದ್ದಿಯನ್ನೂ ತಂದ.

"ಅಕ್ಕಾ, ಹೊಂಬಾಳೆಗೆ ಏಳು ತಿಂಗಳು. ಕಾಲು ಬಾತಿವೆ, ಹೊಳೆ ದಾಟಿ ತವರಿಗೆ ಬರುವ ಹಾಗಿಲ್ಲ. ನೀನೇ ಬರಬೇಕಂತೆ. ಹೊರಗಿನವರು ನಮ್ಮ ನಾಡಿನ ಬಾಗಿಲು ದಾಟಲು ಮೂರು ನವಿಲು ಸುಂಕವಿದೆ. ಕಳಿಸಿದ ಮೂರನ್ನೂ ತರಬೇಕಂತೆ. ಇದ್ದ ಹಾಗೇ ತರಬೇಕಂತೆ."

"ಇದ್ದ ಹಾಗೇ, ಇದ್ದ ಹಾಗೇ! ಯಾಕೆ ಅಂತ ನೀನಾದರೂ ಕೇಳಲಿಲ್ಲವೇನೋ?"

"ನಾನು ಉಪ್ಪು ಹೊರುವವನು ಅಕ್ಕಾ. ಇಲ್ಲಿಯ ನಾಣ್ಯ ಇಲ್ಲಿಯೇ ಜೇನಿಗೆ ಮುಗಿಯುತ್ತದೆ, ಒಂದೂ ನನ್ನ ಜೊತೆ ಹೊಳೆ ದಾಟಿದ್ದಿಲ್ಲ. ನನಗೇನು ಗೊತ್ತು?"

ಅವನು ಹೋದ. ದ್ಯಾವವ್ವ ಮೂರನೆಯ ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ಕೂತಳು. ಚುಚ್ಚಲೋ ಬೇಡವೋ? ಇಲ್ಲಿ, ಹುಟ್ಟಿದ ಮನೆಯಲ್ಲದ ಕಡೆಯಲ್ಲಿಯೇ, ಈ ನಾಣ್ಯ ಇಷ್ಟು ಚೆನ್ನಾಗಿ ನಡೆಯುತ್ತದೆ. ಹುಟ್ಟಿದ ಮನೆಯಲ್ಲಿ ಬೇಡ ಅಂದಾರೆಯೆ? ಮಗಳ ಬಾಣಂತನಕ್ಕೆ ಹೊರಟವಳು ಮಗಳ ಉಡುಗೊರೆಯನ್ನು ಕೊರಳಲ್ಲಿ ಹಾಕಿಕೊಳ್ಳದೆ ಹೋಗಲೆ? ಹೀಗೆ ಅಂದುಕೊಂಡಳು. ತೊಳೆದಳು. ಅರಿಸಿನ ಹಚ್ಚಿದಳು. ಚುಚ್ಚಿದಳು.

ನಿಮಗೆ ಈಗಲೇ ಎದೆ ಹಿಂಡುತ್ತಿದೆ. ಅವಳಿಗೆ ಆಗ ಹಿಂಡಲಿಲ್ಲ. ನೋಡಿ, ನಮ್ಮ ಕೈ ಒಂದು ಕೆಲಸ ಮಾಡುವಾಗ ಅದು ತಪ್ಪೆಂದು ನಮ್ಮ ಕೈಗೆ ತಿಳಿಯುವುದಿಲ್ಲ.

ತಿಂಗಳು ತುಂಬುತ್ತ ಬಂತು. ದ್ಯಾವವ್ವ ಎಣ್ಣೆಯ ಕುಡಿಕೆ ಹಿಡಿದಳು, ಹಳೆಯ ಮೆತ್ತನೆಯ ಸೀರೆಗಳ ಗಂಟು ಹೊತ್ತಳು, ದೋಣಿಯಲ್ಲಿ ಹೊಳೆ ದಾಟಿದಳು. ಆಚೆ ದಡದಲ್ಲಿ ದೊಡ್ಡ ಬಾಗಿಲು. ಬಾಗಿಲಲ್ಲಿ ವಯಸ್ಸಾದ ಒಬ್ಬ ಕಾವಲುಗಾರ. ದ್ಯಾವವ್ವ ಸರವನ್ನೇ ಬಿಚ್ಚಿ ಅವನ ಮುಂದಿಟ್ಟಳು.

ಅವನು ಒಂದೊಂದನ್ನೇ ತಿರುಗಿಸಿ ನೋಡಿದ. "ತಾಯಿ, ಇವು ನಾಣ್ಯವಲ್ಲ, ಒಡವೆ."

"ನಿಮ್ಮ ರಾಜನ ನವಿಲೇ ಅಲ್ಲವೇನಪ್ಪ?"

"ನವಿಲು ನಮ್ಮದೇ. ತೂತು ನಮ್ಮದಲ್ಲ. ತೂತಾದ ಬೆಳ್ಳಿ ತೂಕಕ್ಕೆ ನಿಲ್ಲುವುದಿಲ್ಲ. ಈ ಬಾಗಿಲಲ್ಲಿ ಇದು ನಡೆಯುವುದಿಲ್ಲ."

"ನಮ್ಮ ಗುಡ್ಡದಲ್ಲಿ ಇದನ್ನು ಕೊಟ್ಟರೆ ಹಸುವಿನ ಕರು ಕೊಡುತ್ತಾರೆ!"

"ನಿಮ್ಮ ಗುಡ್ಡದಲ್ಲಿ ಕೊಡಲಿ ತಾಯಿ. ಇದು ಹುಟ್ಟಿದ್ದು ಇಲ್ಲಿ. ಆದರೆ ಇನ್ನು ಇಲ್ಲಿಯದಲ್ಲ."

ದ್ಯಾವವ್ವ ಒಂದು ಸಲ ಬೇಡಿದಳು. ತಾನು ಸೂಲಗಿತ್ತಿ ಎಂದಳು. ಎರಡನೆಯ ಸಲ ಬೇಡಿದಳು. ಕಂಚುಗಾರರ ಕೇರಿಯಲ್ಲಿರುವ ಮಗಳಿಗೆ ಚೊಚ್ಚಲು ಎಂದಳು. ಮೂರನೆಯ ಸಲ ಎರಡು ಅಂಗೈಗಳನ್ನು ಬಿಡಿಸಿ ಅವನ ಮುಂದೆ ಹಿಡಿದಳು, ಅಷ್ಟೇ.

ಕಾವಲುಗಾರ ಕೆಟ್ಟವನಲ್ಲ. ಅವನ ಕಣ್ಣೂ ಒದ್ದೆಯಾಯಿತು. "ಹಾಗೇ ಬಿಟ್ಟರೆ ನನ್ನ ತಲೆ ಉಳಿಯುವುದಿಲ್ಲ. ಕಂಚುಗಾರರ ಕೇರಿ ಇಲ್ಲಿಂದ ಎರಡು ದಿನದ ದಾರಿ. ಹೋಗುವವರು ಸಿಕ್ಕಿದರೆ ಹೇಳಿ ಕಳಿಸುತ್ತೇನೆ. ಅಷ್ಟರಲ್ಲಿ ನೀನು ಹೋಗಿ ತೂತಿಲ್ಲದ ಮೂರು ತಾ."

ಮೂರೇ ಮೂರು. ಗುಡ್ಡದ ಹೆಂಗಸರ ಕೊರಳುಗಳಲ್ಲಿ ಸಾವಿರ ನವಿಲು ಜೋತಾಡುತ್ತಿದ್ದವು. ಮೂರು ಸಿಗುವುದೇನು ಕಷ್ಟ?

ದ್ಯಾವವ್ವ ಜೇನಿನ ಸಂತೆಗೆ ಓಡಿದಳು. "ತೂತಿಲ್ಲದ್ದು ಇದೆಯೇನವ್ವಾ?" "ಅಂಥದ್ದು ನಮ್ಮ ಮನೆಯಲ್ಲಿ ಯಾಕಿರುತ್ತದೆ?" ಬಟ್ಟೆಯ ಸಂತೆಗೆ ಓಡಿದಳು. "ತೂತಿಲ್ಲದ್ದು ಇದೆಯೇನಣ್ಣಾ?" "ಕಳ್ಳರ ಹತ್ತಿರ ಕೇಳು ಹೋಗು." ದನದ ಸಂತೆಗೆ ಓಡಿದಳು. ಅಲ್ಲಿ ಅವಳು ಕೇಳುವ ಮೊದಲೇ ಜನ ನಕ್ಕರು. ಸಾವಿರ ನವಿಲಿನ ನಾಡಿನಲ್ಲಿ ಹೊಳೆ ದಾಟುವ ನವಿಲು ಒಂದೂ ಇರಲಿಲ್ಲ. ಅವಳು ತಾನೇ ಹಿಡಿದು ಇಳಿಸಿದ ಕೂಸುಗಳ ತಾಯಂದಿರು ಕೊರಳ ಸರವನ್ನೇ ಬಿಚ್ಚಿಕೊಟ್ಟರು. ಕೆಂಚಿ ಕೂಡ ಅಳುತ್ತ ತನ್ನ ಒಂಬತ್ತನ್ನೂ ಕೊಟ್ಟಳು. ಒಂಬತ್ತರಲ್ಲಿಯೂ ತೂತು.

ಎಂಟನೆಯ ದಿನ ಸಣ್ಣಯ್ಯನ ಕತ್ತೆಗಳು ದಡ ಹತ್ತಿದವು. ಅವುಗಳ ಬೆನ್ನ ಮೇಲೆ ಉಪ್ಪಿರಲಿಲ್ಲ. ದ್ಯಾವವ್ವನಿಗೆ ಅಷ್ಟರಲ್ಲೇ ತಿಳಿಯಿತು.

"ಅಕ್ಕಾ, ಮಗಳು ಉಳಿದಳು. ಕೂಸು ಉಳಿಯಲಿಲ್ಲ. ಅಡ್ಡ ತಿರುಗಿತ್ತಂತೆ. ಅಲ್ಲಿಯವರಿಗೆ ನೇರ ಮಾಡಲು ಬರಲಿಲ್ಲ. ನೀನು ಬಾಗಿಲಲ್ಲಿ ನಿಂತಿದ್ದ ಸುದ್ದಿ ಹೆರಿಗೆಯಾದ ಮಾರನೆಯ ದಿನ ಮುಟ್ಟಿತು."

ದ್ಯಾವವ್ವ ತನ್ನ ಅಂಗೈ ನೋಡಿಕೊಂಡಳು. ಸಣ್ಣಯ್ಯ ಸೊಂಟದ ಚೀಲದಿಂದ ನಾಲ್ಕನೆಯ ನವಿಲು ತೆಗೆದು ಕೊಟ್ಟ. ಅದರಲ್ಲಿ ಆಗಲೇ ತೂತಿತ್ತು. ಕಾಲ ಕೆಳಗೆ. ಅಂಕುಡೊಂಕು ತೂತು, ನಿತ್ರಾಣದ ಕೈ ಚುಚ್ಚಿದ್ದು.

"ಹೀಗೆ ಹೇಳು ಅಂದಳು: 'ಅವ್ವಾ, ಯಾಕೆಂದು ಹೇಳದಿದ್ದದ್ದು ನನ್ನ ತಪ್ಪು. ಬಸಿರು ನಿಲ್ಲುವ ಮೊದಲೇ ಬಾಣಂತನಕ್ಕೆ ನಾಣ್ಯ ಕೂಡಿಸುತ್ತಿದ್ದೆ. ಬಾಯಿಬಿಟ್ಟರೆ ದೃಷ್ಟಿಯಾದೀತೆಂದು ಹೆದರಿದೆ. ನೀನು ಪ್ರೀತಿಯಿಂದ ಚುಚ್ಚಿದೆ, ನಾನು ಹೆದರಿ ಮುಚ್ಚಿಟ್ಟೆ. ಇದನ್ನು ನಾನೇ ಚುಚ್ಚಿದ್ದೇನೆ. ಈ ನಾಡಿನಲ್ಲಿ ಇದಕ್ಕೆ ಇನ್ನು ಒಂದು ಹಿಡಿ ಉಪ್ಪೂ ಬರುವುದಿಲ್ಲ. ಇದು ನಿನ್ನ ಕೊರಳಿಗೆ ಮಾತ್ರ.'"

ದ್ಯಾವವ್ವ ಆಗ ಅತ್ತಳು. ಹೊಳೆಯ ಎರಡು ದಡಕ್ಕೂ ಕೇಳುವ ಹಾಗೆ ಅತ್ತಳು.

ಆಮೇಲೆ ಮಗಳ ಹತ್ತಿರ ಹೋಗಲಿಲ್ಲವೇ ಎಂದು ಕೇಳುತ್ತೀರಿ. ಹೋದಳು. ಸಣ್ಣಯ್ಯ ಮೂರು ಇಡಿಯ ನಾಣ್ಯ ತಂದುಕೊಟ್ಟ, ಅವಳು ಜೇನು ಕೊಟ್ಟಳು, ಬಾಗಿಲು ದಾಟಿದಳು. ಎರಡು ವರ್ಷದ ಮೇಲೆ ಮತ್ತೊಮ್ಮೆ ಹೋಗಿ ಮೊಮ್ಮಗನನ್ನು ತನ್ನ ಕೈಯಿಂದಲೇ ಇಳಿಸಿಕೊಂಡಳು. ಆದರೆ ಆ ಕೂಸನ್ನು ತೊಳೆಯುವಾಗಲೂ ಇನ್ನೊಂದು ಕೂಸಿನ ಭಾರ ಅವಳ ಅಂಗೈಯಲ್ಲಿತ್ತು. ಸಾಯುವವರೆಗೂ ಇತ್ತು.

ಅಂದಿನಿಂದ ಗುಡ್ಡದಲ್ಲಿ ಪದ್ಧತಿ ಬದಲಾಯಿತು. ಇಂದಿಗೂ ಅಲ್ಲಿಯ ಹೆಂಗಸರು ನಾಣ್ಯ ಚುಚ್ಚುತ್ತಾರೆ, ಕೊರಳ ತುಂಬ ಹಾಕಿಕೊಳ್ಳುತ್ತಾರೆ. ಆದರೆ ಮಗಳನ್ನು ಹೊಳೆಯಾಚೆ ಕೊಟ್ಟ ಮನೆಯಲ್ಲಿ, ಅಕ್ಕಿಯ ಮಡಕೆಯ ತಳದಲ್ಲಿ, ಮೂರು ನವಿಲು ತೂತಿಲ್ಲದೆ ಮಲಗಿರುತ್ತವೆ. ಅವುಗಳಿಗೆ ಯಾರೂ ಮೊಳೆ ಮುಟ್ಟಿಸುವುದಿಲ್ಲ. ಸಂತೆಯಲ್ಲಿ ಅವುಗಳಿಗೆ ಬೆಲೆಯಿಲ್ಲ. ಅವಕ್ಕೆ ದ್ಯಾವವ್ವನ ನಾಣ್ಯ ಎಂದೇ ಹೆಸರು.

ಕಥೆ ಹೊಳೆ ದಾಟಿತು, ದೋಣಿ ಈಚೆಗೆ ಬಂತು. ನಾನು ಹೇಳಿದ್ದು ನನ್ನ ಬಾಯಿಗೆ, ನೀವು ಕೇಳಿದ್ದು ನಿಮ್ಮ ಮಡಿಲಿಗೆ. ಏಳಿ, ಮನೆಗೆ ಹೋಗಿ ಮಡಕೆಯ ತಳ ನೋಡಿಕೊಳ್ಳಿ.