ನಮ್ಮ ಮನೆಯ ಕಷಾಯ

…ಅಲ್ಲ, ನೀನು ಕೂತಿರೋದು ಯಾರ ಮನೇಲಿ ಅಂತ ಮೊದಲು ತಿಳ್ಕೋ ಸಹನಾ. ಬೀಗದ ಕೈ ವಿಷಯ ಆಮೇಲೆ. ಹದಡಿಯಲ್ಲಿ ನಮ್ಮಜ್ಜ ಕೆಂಚವೀರಪ್ಪನೋರ ಹೆಸರು ಹೇಳಿದರೆ ಇವತ್ತಿಗೂ ಕಟ್ಟೆ ಮೇಲೆ ಕೂತೋರು ಎದ್ದು ನಿಲ್ತಾರೆ. ಊರ ಶಾಲೆಗೆ ಜಾಗ ಬಿಟ್ಟುಕೊಟ್ಟೋರು ಅವರು. ಅಣ್ಣತಮ್ಮಂದಿರು ಜಗಳಾಡಿದರೆ ನ್ಯಾಯಕ್ಕೆ ನಮ್ಮ ಜಗಲಿಗೇ ಬರಬೇಕಿತ್ತು. ನಮ್ಮಪ್ಪ ನನ್ನನ್ನು ದಾವಣಗೆರೆಯ ಕಾನ್ವೆಂಟಿಗೆ ಸೇರಿಸಿದಾಗ ನಮ್ಮ ಓಣಿಯಿಂದ ಆ ಗೇಟು ದಾಟಿದ ಮೊದಲ ಹುಡುಗಿ ನಾನು. ಸಿಸ್ಟರ್‌ಗಳು ಕಲಿಸಿದ್ದು ಒಂದೇ. ಬೆನ್ನು ನೆಟ್ಟಗೆ, ಮಾತು ನೆಟ್ಟಗೆ. ನೀನೂ ಸ್ವಲ್ಪ ನೆಟ್ಟಗೆ ಕೂತ್ಕೋ.

ಅಂಥ ಮನೆತನದ ಹೆಣ್ಣು ಕಳ್ಳಿ. ಅಲ್ವಾ?

'ಹಂಗಂದಿಲ್ಲ ಮೇಡಂ' ಅಂತೀಯ. 'ರಸದ ಬಾಟಲಿಯಲ್ಲಿರೋದು ಬದಲಾಗಿದೆ, ಕಾಲೇಜಿನ ಕಪಾಟಿನ ಬೀಗದ ಕೈ ಇರೋದು ನನ್ನ ಹತ್ರ ಮತ್ತು ನಿಮ್ಮ ಹತ್ರ…' ಇಷ್ಟು ಹೇಳಿ ಸುಮ್ಮನಾದರೆ ಉಳಿದದ್ದನ್ನು ಹೇಳೋಕೆ ಪಂಚಾಂಗ ಬೇಕೇ?

ಇರು, ಕಷಾಯ ಉಕ್ಕುತ್ತೆ.

ಹಾಂ, ಸಣ್ಣ ಉರಿ ಮಾಡಿ ಬಂದೆ. ಕುಡಿದೇ ಹೋಗು. ಈ ಬಿಸಿಲಲ್ಲಿ ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಲ್ಲಿ ನಿಂತು ಬಂದಿದೀಯ, ಮುಖ ಬಾಡಿದೆ. ನಿನ್ನ ತಿಂಡಿ ಡಬ್ಬಿ ಟೇಬಲ್ ಮೇಲಿದೆ ನೋಡು, ಮರೀಬೇಡ. ಶೇಂಗಾ ಹೋಳಿಗೆ ಹಾಕಿದೀನಿ. ಬರಿ ಡಬ್ಬಿ ವಾಪಸ್ ಕೊಡೋ ಮನೆಯಲ್ಲ ನಮ್ಮದು. ಯಾರ ಪಾತ್ರೆ ಬರಲಿ, ಏನಾದರೂ ತುಂಬಿಯೇ ಕಳಿಸಬೇಕು. ನಮ್ಮಜ್ಜಿ ಏನೂ ಇಲ್ಲದಿದ್ದರೆ ಬೆಲ್ಲದ ಚೂರಾದರೂ ಹಾಕೋಳು.

ಎಲ್ಲಿದ್ದೆ? ಹಾಂ, ಆ ಬಾಟಲಿ, ನಿನ್ನ ಇಲಿ ಪರೀಕ್ಷೆ. ಕಾಲೇಜಿನಲ್ಲಿ ಬೆನ್ನ ಹಿಂದೆ ನನ್ನನ್ನು 'ಇಲಿ ಮನೆ ಮೇಡಂ' ಅಂತಾರೆ, ಗೊತ್ತು. ಅನ್ನಲಿ. ಪರೀಕ್ಷೆಗೆ ಇಲಿ ಸಾಕೋ ಆ ಪ್ರಾಣಿಮನೆ ನನ್ನ ಕೈಗೆ ಬಂದ ಮೇಲೆ ಒಂದು ಪಂಜರ ವಾಸನೆ ಬಂದಿಲ್ಲ. ಅದ್ಯಾವುದೋ ಕಾಡುಬಳ್ಳಿಯ ಬೀಜ ಅರೆದು ರಸ ತೆಗೆದೋಳು ನೀನು. ಜಾಸ್ತಿಯಾದರೆ ಇಲ್ಲದ್ದೆಲ್ಲ ಕಣ್ಣಿಗೆ ಕಾಣುತ್ತಂತೆ, ಹನಿಯಷ್ಟಾದರೆ ಮನಸ್ಸಿನ ಭಾರ ಇಳಿಸಬಹುದು ಅಂತ ನಿನ್ನ ಪರೀಕ್ಷೆ. ಅರ್ಧ ಇಲಿಗೆ ರಸ, ಅರ್ಧ ಇಲಿಗೆ ಬರೀ ನೀರು. ಆಮೇಲೆ ಎಲ್ಲವನ್ನೂ ನೀರಿನ ಜಾಡಿಗೆ ಬಿಡೋದು. ಆಸೆ ಇರೋ ಇಲಿ ಕೈಕಾಲು ಬಡೀತಾನೇ ಇರುತ್ತೆ, ಆಸೆ ಬಿಟ್ಟದ್ದು ಮೂಗಷ್ಟೇ ಮೇಲಿಟ್ಟು ಸುಮ್ಮನೆ ತೇಲುತ್ತೆ. ಮೊದಲನೇ ಸಲ ನಿನ್ನ ರಸದ ಇಲಿಗಳು ಈಜಿದ್ದೇ ಈಜಿದ್ದು. ನನ್ನ ಎರಡೂ ಕೈ ಹಿಡ್ಕೊಂಡು 'ಮೇಡಂ, ಕೆಲಸ ಮಾಡ್ತಿದೆ' ಅಂದೆ. ಈ ಸಲ ಅವೂ ತೇಲಿದವು. ಇಲಿ ಆಸೆ ಬಿಟ್ಟರೆ ಅದಕ್ಕೆ ನಾನು ಹೊಣೆಯೇ?

ಏನು? ಮೊದಲು ರಸದ ಕಹಿಗೆ ಕೈ ಕಚ್ಚುತ್ತಿದ್ದ ಇಲಿಗಳು ಈಗ ಕುಡಿಸೋ ಪಿಚಕಾರಿ ಕಂಡರೆ ತಾವೇ ಬಂದು ನೆಕ್ಕುತ್ತವೆ ಅಂತೀಯಾ? ಹೌದು, ನಾನೂ ನೋಡಿದೆ. ಪಂಜರ ತೊಳೆಯೋ ಜಂಬಯ್ಯ ಹೇಳಿದ್ನಲ್ಲ, 'ಇಲಿಗೂ ಅಳಿಯಂದಿರ ಉಪಚಾರ ನಡದೈತೆ ಮೇಡಂ' ಅಂತ. ಯಾಕೆ ನಗ್ತೀಯ? ನಿನ್ನ ಮೂರು ವರ್ಷದ ಓದು ಮುಳುಗ್ತಿದೆ ಅಂತ ಈಗಷ್ಟೇ ಅಳ್ತಿದ್ದೆ.

ಯಾಕೆ ಆ ಕಡೆ ನೋಡ್ತೀಯ? ಒಳಗೆ ನಮ್ಮವರಿದ್ದಾರೆ. ರೆಸ್ಟ್ ತಗೊಳ್ತಿದ್ದಾರೆ. ಗುತ್ತೂರಿನ ಕಡೆ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದೋರು. ಕಬ್ಬಿಣ ಕಡೆಯೋ ಲೇತ್ ಮಶೀನಿನ ಸದ್ದು ಕೇಳಿಯೇ ಎಲ್ಲಿ ಸವೆದಿದೆ ಅಂತ ಹೇಳೋರು. ರಿಟೈರ್ ಆದ ಮೇಲೆ ಸ್ವಲ್ಪ ಪಿತ್ತ. ಗೋಡೆ ಕಡೆ ಮುಖ ಮಾಡಿ ಮಲಗೋದು, ಊಟ ಬೇಡ ಅನ್ನೋದು, ಗಡ್ಡ ಬಿಡೋದು… ಯಾರಿಗಾಗಲ್ಲ? ನನ್ನ ತಂಗಿ ಸುನೀತಾ, 'ಮನಸ್ಸಿನ ಡಾಕ್ಟರಿಗೆ ತೋರಿಸಕ್ಕ' ಅಂದಳು. ಅವಳನ್ನ ಅವತ್ತೇ ಬಸ್ಸು ಹತ್ತಿಸಿದೆ. ಕೆಂಚವೀರಪ್ಪನೋರ ಮೊಮ್ಮಗಳ ಗಂಡ ಆ ಡಾಕ್ಟರ ಬೆಂಚಿನ ಮೇಲೆ ಚೀಟಿ ಹಿಡ್ಕೊಂಡು ಕೂರೋದಾ? ನಮ್ಮ ಮಗಳು ಬಿಂದುಗೆ ಗಂಡು ನೋಡ್ತಿದ್ದೀವಿ. ಸಂಜೆಯೊಳಗೆ ಬಾತಿಯಿಂದ ಹದಡಿವರೆಗೆ ಸುದ್ದಿ.

ಈಗ ಚೆನ್ನಾಗಿದ್ದಾರೆ. ಮೊನ್ನೆ ತಾವೇ ಎದ್ದು ಗಡ್ಡ ಮಾಡ್ಕೊಂಡ್ರು. ಬಚ್ಚಲಿಂದ ನನ್ನ ಹೆಸರು ಹಿಡಿದು ಕರೆದ್ರು, 'ಉಚ್ಚಂಗೀ, ಟವೆಲ್' ಅಂತ. ಎಷ್ಟು ಕಾಲ ಆಗಿತ್ತು… ನಾನು ಟವೆಲ್ ಹಿಡ್ಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ.

ಅವರೇ ಮಾತಾಡ್ತಿರೋದು. ಯಾರ ಜೊತೆ ಅಂದರೆ? ಗೋಡೆ ಮೇಲೆ ಲೇತ್ ತಿರುಗ್ತಿದೆಯಂತೆ. ಎಣ್ಣೆ ಹಾಕ್ರೋ ಅಂತಾರೆ, ನಗ್ತಾರೆ. ತಿರುಗಲಿ ಬಿಡು. ಗೋಡೆ ನೋಡಿ ಅಳೋದಕ್ಕಿಂತ ನಗೋದು ಮೇಲಲ್ವಾ?

ತಗೋ, ಲೋಟ ಬಿಸಿ ಇದೆ, ಅಂಚು ಹಿಡ್ಕೋ. ಒಣಶುಂಠಿ, ಕೊತ್ತಂಬರಿ ಬೀಜ, ಬೆಲ್ಲ, ಚೂರು ಬಜೆ. ಬಜೆ ಹಾಕೋದು ನಮ್ಮಜ್ಜಿ ಪದ್ಧತಿ. ಈ ಘಮ ಬೇರೆ ಯಾರ ಮನೇಲೂ ಸಿಗಲ್ಲ.

ಕುಡಿ. ಯಾಕೆ ಮೂಗಿನ ಹತ್ರ ಹಿಡಿದೆ? ಕಸ ಏನಾದರೂ ಬಿದ್ದಿದೆಯಾ? ಸೋಸಿ ತಂದಿದ್ದೀನಿ. ಕಿಟಕಿ ಬೆಳಕಿಗೆ ಹಿಡಿದು ಏನು ನೋಡ್ತೀಯ, ಕಷಾಯದ ಬಣ್ಣ ಹೀಗೇ ಇರೋದು. ಬಾಯಿಗೆ ಹಾಕಿ ಯಾಕೆ ನಿಲ್ಲಿಸಿದೆ…

ಸಹನಾ.

ಲೋಟ ಯಾಕೆ ಕೆಳಗಿಟ್ಟೆ?

ಹಂಗೆ ನೋಡಬ್ಯಾಡ. ಕೆಲಸ ಮಾಡ್ತಿದೆ ಅಂದೋಳು ನೀನೇ. ನೀನೇ ಅಂದಿದ್ದು. ಮತ್ತೆ ಬಾಟಲಿ ಬರಿದು ಬಿಟ್ಟಿದ್ದೆನೇ? ನೀನು ಎಳೆದಿದ್ದ ಗೆರೆವರೆಗೂ ಈ ಕಷಾಯವನ್ನೇ ತುಂಬಿ, ಒರೆಸಿ, ಇದ್ದ ಜಾಗದಲ್ಲೇ ಇಟ್ಟಿದ್ದೆ. ಬರಿದು ಬಾಟಲಿ ಇಡೋರ ವಂಶ ಅಲ್ಲ…

ಏಳಬ್ಯಾಡ. ಒಳಗೆ ಹೋಗಬ್ಯಾಡ ಅಂದೆ. ಸಹನಾ.

ನೋಡಿದೆಯಲ್ಲ. ಗೋಡೆ ಸವರ್ತಾ ನಿಂತಾರೆ, ಅಷ್ಟೇ. ಕಣ್ಣು ಮೊದಲಿಂದಲೂ ದೊಡ್ಡವು ಅವರದ್ದು. ಇಷ್ಟು ಕಪ್ಪಗಿರಲಿಲ್ಲ… ಅವರ ಕೈ ಹಿಡಿದು ಏನು ನೋಡ್ತೀಯ, ನಾಡಿನಾ? ಜೋರಾಗಿ ಐತಾ? ಇಲಿಗೆ ಹಿಂಗೆ ಆಗಿತ್ತಾ? ಆ ಇಲಿಗಳು ಆಮೇಲೆ ಚೆನ್ನಾಗಿದ್ವಲ್ಲ. ಹೇಳೇ. ಬ್ಯಾಡ, ಹೇಳಬ್ಯಾಡ.

ಫೋನ್ ಯಾಕೆ ತೆಗೆದೆ?

ಆಸ್ಪತ್ರೆ ಗಾಡಿ ಹಿಂದಿನ ಬಾಗಿಲಿಗೆ ಬರಲಿ. ಸದ್ದು ಮಾಡದ ಗಾಡಿ. ನಿನ್ನ ರಸ ಎಷ್ಟು ದಿನದಿಂದ ಕೊಡ್ತಿದ್ದೆ ಅಂತ ಡಾಕ್ಟರಿಗೆ ನಾನೇ ಹೇಳ್ತೀನಿ, ನೀನು ಬಾಯಿ ಹಾಕಬೇಡ.

ಆದರೆ ನನ್ನ ಮನೆಗೆ ಬಂದು, ನನ್ನ ಎದುರು ಕೂತು, ಬೀಗದ ಕೈ ಯಾರ ಹತ್ರ ಇತ್ತು ಅಂತ ಕೇಳಿದೆಯಲ್ಲ. ಗಾಡಿ ಬರೋದರೊಳಗೆ ಅದಕ್ಕೆ ಕ್ಷಮೆ ಕೇಳು.